ಯಕೃತ್ತನ್ನು ದಾಟಿಸಿದ ಪ್ರಾಧ್ಯಾಪಕಿ

ಔಷಧವನ್ನು ಕಂಡುಹಿಡಿಯುವುದು ಒಂದು ಸಾಹಸವಾದರೆ, ಅದನ್ನು ಬೇಕಾದ ಅಂಗಕ್ಕೆ ಮಾತ್ರ ಮುಟ್ಟಿಸುವುದು ಅದಕ್ಕೂ ಮಿಗಿಲಾದ ಸಾಹಸ. ನಮ್ಮ ಜೀವಕೋಶಗಳು ಕಣ್ಣಿಗೆ ಕಾಣದ ಕಿರುಚೀಲಗಳನ್ನು ಸದಾ ಹೊರಬಿಡುತ್ತಿರುತ್ತವೆ. ಒಂದು ಕೋಶದ ಸರಕನ್ನು ಇನ್ನೊಂದಕ್ಕೆ ಒಯ್ಯುವುದು ಅವುಗಳ ಕಸುಬು. ಅವುಗಳಲ್ಲಿ ಔಷಧ ತುಂಬಿ, ಮೈಮೇಲೆ ತಕ್ಕ ಪ್ರೋಟೀನನ್ನು ಕೂರಿಸಿ, ಮೂತ್ರಪಿಂಡದವರೆಗೆ ತಲುಪಿಸಿದ ಬೆರಳೆಣಿಕೆಯ ವಿಜ್ಞಾನಿಗಳಲ್ಲಿ ಒಬ್ಬರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿಯವರು.

ಸೇವೆಗೆ ಸೇರಿದಾಗ ಅವರಿಗೆ ದೊರೆತದ್ದು ನೆಲಮಾಳಿಗೆಯ ಒಂದು ಕೋಣೆ ಮತ್ತು ತಿರುಗಲು ಶುರುಮಾಡಿದರೆ ಪಕ್ಕದ ಕೋಣೆಯ ಟೀ ಕಪ್ಪುಗಳನ್ನೂ ಕುಣಿಸುತ್ತಿದ್ದ, ಕಿರುಚೀಲಗಳನ್ನು ಬೇರ್ಪಡಿಸುವ ಒಂದು ಹಳೆಯ ಯಂತ್ರ. ಎಂಥ ಫಲಿತಾಂಶ ತಂದಿಟ್ಟರೂ ಅದರಲ್ಲೊಂದು ಹುಳುಕು ಹುಡುಕುವ ಅವರಿಗೆ ವಿದ್ಯಾರ್ಥಿಗಳು ಬೆನ್ನ ಹಿಂದೆ ಇಟ್ಟ ಹೆಸರು 'ಅತ್ತೆ'. ಹೊಸದಾಗಿ ಮದುವೆಯಾಗಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು, ಮನೆಯಲ್ಲಿರುವ ಅತ್ತೆಯೇ ವಾಸಿ ಎಂದದ್ದು ಅವರ ಕಿವಿಗೂ ಬಿತ್ತು. ಅವರು ನಕ್ಕರು. ಆದರೆ ಅದೇ ವಿದ್ಯಾರ್ಥಿನಿ ಬಾಣಂತನ ಮುಗಿಸಿ ಹಿಂದಿರುಗಿದಾಗ, ತಮ್ಮ ಕೋಣೆಯ ಅರ್ಧವನ್ನು ಪರದೆ ಕಟ್ಟಿ ಕೂಸಿಗೆ ಬಿಟ್ಟುಕೊಟ್ಟರು.

ಮೂತ್ರಪಿಂಡವನ್ನೇ ಅವರು ಆರಿಸಿಕೊಂಡದ್ದಕ್ಕೆ ಮನೆಯಲ್ಲೇ ಕಾರಣವಿತ್ತು. ಅವರ ತಮ್ಮ ವರ್ಷಗಳಿಂದ ಡಯಾಲಿಸಿಸ್‌ನಲ್ಲಿದ್ದರು. ಆಸ್ಪತ್ರೆಯಿಂದ ನೇರ ಅಕ್ಕನ ಕೋಣೆಗೆ ಬಂದು, ಎರಡು ಕುರ್ಚಿ ಜೋಡಿಸಿಕೊಂಡು ಮಲಗುತ್ತಿದ್ದರು. ಆದರೆ ಪ್ರಯೋಗದ ಇಲಿಗಳ ಮೈಗೆ ಕಳುಹಿಸಿದ ಕಿರುಚೀಲಗಳನ್ನೆಲ್ಲ ಯಕೃತ್ತು ನುಂಗಿಬಿಡುತ್ತಿತ್ತು. ಮೂತ್ರಪಿಂಡಕ್ಕೆ ತಲುಪುತ್ತಿದ್ದುದು ಅಷ್ಟಕ್ಕಷ್ಟೆ.

ಹೀಗಿರುವಾಗ ಒಂದು ದಿನ ಆ ವಿದ್ಯಾರ್ಥಿನಿ ಓಡುತ್ತ ಬಂದಳು. ಬಣ್ಣ ಹಚ್ಚಿ ಕಳುಹಿಸಿದ ಕಿರುಚೀಲಗಳಿಂದ ಇಲಿಯ ಮೂತ್ರಪಿಂಡಗಳು ದೀಪದಂತೆ ಹೊಳೆಯುತ್ತಿದ್ದವು. ನಿರ್ದೇಶಕರು ಸಿಹಿ ಹಂಚಿಸಿದರು. ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಉಪನ್ಯಾಸವೂ ನಿಗದಿಯಾಯಿತು. ಕುರ್ಚಿಗಳ ಮೇಲೆ ಮಲಗಿದ್ದ ತಮ್ಮ ಎದ್ದು ಕುಳಿತು, ಆ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಪ್ರಾಧ್ಯಾಪಕಿಯವರು ಮಾತ್ರ ಕನ್ನಡಕ ಒರೆಸಿಕೊಂಡು ಒಂದೇ ಮಾತು ಕೇಳಿದರು.

"ಚೀಲ ಬಿಟ್ಟು ಬರೀ ಬಣ್ಣ ಹಾಕಿ ನೋಡಿದ್ಯಾ?"

ನೋಡಿರಲಿಲ್ಲ. ನೋಡಿದಾಗ, ಬರೀ ಬಣ್ಣಕ್ಕೂ ಮೂತ್ರಪಿಂಡಗಳು ಹಾಗೆಯೇ ಹೊಳೆದವು. ಚೀಲಗಳಿಂದ ಕಳಚಿದ ಬಣ್ಣ ತಾನಾಗಿಯೇ ಅಲ್ಲಿ ಹೋಗಿ ನಿಂತಿತ್ತು. ನಿರ್ದೇಶಕರು, ಸಮ್ಮೇಳನ ಮುಗಿಯಲಿ, ಆಮೇಲೆ ನೋಡೋಣವೆಂದರು. ವಿದ್ಯಾರ್ಥಿನಿ ಸಂಶೋಧನೆಯನ್ನೇ ಬಿಡುತ್ತೇನೆಂದು ಅತ್ತಳು. ಆದರೆ ಪ್ರಾಧ್ಯಾಪಕಿಯವರ ಎದೆ ಹಿಂಡಿದ್ದು ಬೇರೆಯೇ ಪ್ರಶ್ನೆ.

"ಅಕ್ಕಾ, ಹಾಗಾದ್ರೆ ಇದು ಸುಳ್ಳಾ?" ಎಂದು ತಮ್ಮ ಕೇಳಿದರು.

"ಇದು ಸುಳ್ಳು ಕಣೋ. ನಿಜವಾದದ್ದು ಮಾಡ್ತೀನಿ. ಯಾವಾಗ ಅಂತ ಮಾತ್ರ ಕೇಳಬೇಡ."

ಸಮ್ಮೇಳನದ ವೇದಿಕೆಯೇರಿ ಅವರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ತೋರಿಸಿದರು. ಈ ತಪ್ಪು ನಮ್ಮದು, ಪರೀಕ್ಷಿಸದೆ ಒಪ್ಪಿದ್ದರೆ ಹೊಣೆ ನನ್ನದಾಗುತ್ತಿತ್ತು, ನಿಮ್ಮ ಬಣ್ಣಗಳನ್ನೂ ಒಮ್ಮೆ ಪರೀಕ್ಷಿಸಿ ಎಂದರು. ವಿದ್ಯಾರ್ಥಿನಿಯ ಹೆಸರೆತ್ತಲಿಲ್ಲ. ತಮ್ಮ ಗುಂಡಿ ತಾವೇ ತೋಡಿಕೊಂಡರೆಂದು ಬೆನ್ನ ಹಿಂದೆ ಆಡಿಕೊಂಡವರೇ, ಊರಿಗೆ ಮರಳಿ ತಮ್ಮ ಫಲಿತಾಂಶಗಳನ್ನು ಸದ್ದಿಲ್ಲದೆ ತಿದ್ದಿಕೊಂಡರು.

ಮತ್ತೆ ಮೊದಲಿನಿಂದ ಕೆಲಸ ಶುರುವಾಯಿತು. ಬಣ್ಣವನ್ನು ಕೈಬಿಟ್ಟು, ಕಿರುಚೀಲದ ಪೊರೆಯಲ್ಲೇ ಬೆಳಕು ಬೀರುವ ಪ್ರೋಟೀನು ಹುಟ್ಟುವಂತೆ, ಅವನ್ನು ಹೊರಬಿಡುವ ತಾಯಿಕೋಶಗಳನ್ನು ಮಾರ್ಪಡಿಸಿದರು. ಆದರೂ ಯಕೃತ್ತಿನ ಹಸಿವು ಹಿಂಗಲಿಲ್ಲ. ಕೊನೆಗೆ ದಾರಿ ಹೊಳೆದದ್ದು ಆ ವಿದ್ಯಾರ್ಥಿನಿಗೇ, ಮಗುವಿಗೆ ಉಣಿಸುತ್ತಿದ್ದಾಗ.

"ಮೇಡಂ, ಲಿವರ್‌ಗೆ ಮೊದ್ಲು ಖಾಲಿ ಚೀಲ ಬಡಿಸಿಬಿಡೋಣ. ಹೊಟ್ಟೆ ತುಂಬಿದ ಮೇಲೆ ನಮ್ಮದನ್ನ ಕಳಿಸೋಣ."

ಹಾಗೆಯೇ ಮಾಡಿದರು. ಖಾಲಿ ಚೀಲಗಳಿಂದ ಯಕೃತ್ತು ತಣಿಯಿತು. ಹಿಂದೆ ಬಂದ ಔಷಧದ ಚೀಲಗಳು ಅದನ್ನು ದಾಟಿ ಮೂತ್ರಪಿಂಡದ ಕೋಶಗಳಿಗೆ ಕಚ್ಚಿಕೊಂಡವು. ಈ ಬಾರಿ ಅತ್ತೆಗೆ ತೋಚಿದ ಪರೀಕ್ಷೆಗಳನ್ನೆಲ್ಲ ಸೊಸೆ ಮೊದಲೇ ಮುಗಿಸಿಟ್ಟಿದ್ದಳು. ಹುಳುಕು ಸಿಗಲಿಲ್ಲ. ಕಾಯಿಲೆಯಿಂದ ಸೊರಗಿದ್ದ ಇಲಿಗಳು ಚೇತರಿಸಿಕೊಂಡು ಪಂಜರದಲ್ಲಿ ಓಡಾಡತೊಡಗಿದ ದಿನ, ಪ್ರಾಧ್ಯಾಪಕಿಯವರು ಬಿಳಿ ಕೋಟಿನಲ್ಲೇ ರಸ್ತೆ ದಾಟಿ, ಡಯಾಲಿಸಿಸ್ ಕೋಣೆಯಲ್ಲಿದ್ದ ತಮ್ಮನ ಬಳಿಗೆ ಹೋದರು.

"ನಿಜ ಕಣೋ," ಎಂದರು.

ಈ ಸಂಶೋಧನೆಯ ಲೇಖನದಲ್ಲಿ ಮೊದಲ ಹೆಸರು ವಿದ್ಯಾರ್ಥಿನಿಯದು. ಇಂದು ಆ ಪ್ರಯೋಗಾಲಯದ ಹೊಣೆಯೂ ಆಕೆಯದೇ. ಕಳೆದ ವಾರ ಮನುಷ್ಯರ ಮೇಲಿನ ಮೊದಲ ಪರೀಕ್ಷೆ ಆರಂಭವಾಗಿದೆ. ಸೊರಗಿದರೂ ಇನ್ನೂ ಕೆಲಸಮಾಡುವ ಮೂತ್ರಪಿಂಡಗಳಿಗಷ್ಟೇ ಇದು ಸದ್ಯಕ್ಕೆ ನೆರವಾಗಬಲ್ಲದೆಂದು ತಿಳಿದೂ ತಮ್ಮನವರು, "ನನ್ನಂತೆ ಆಗಬೇಕಿದ್ದವರು ಆಗೋದಿಲ್ವಲ್ಲ, ಸಾಕು," ಎಂದು ಅಕ್ಕನ ಕೈ ಹಿಡಿದರಂತೆ.

ನಮ್ಮ ಪ್ರಾಧ್ಯಾಪಕಿಯವರಿಗೆ ಗಟ್ಟಿಮುಟ್ಟಾದ ನೂರು ವರ್ಷಗಳನ್ನೂ, ಹುಳುಕು ಹುಡುಕಲು ತಕ್ಕಷ್ಟು ಫಲಿತಾಂಶಗಳನ್ನೂ ಹಾರೈಸುತ್ತೇವೆ. ವಿಶ್ರಾಂತಿಯನ್ನು ಹಾರೈಸುವ ಧೈರ್ಯ ನಮಗಿಲ್ಲ. ಬೀಳ್ಕೊಡುಗೆಗೆ ಏನು ಕಾಣಿಕೆ ಬೇಕೆಂದು ಕೇಳಿದಾಗ, ಮೂಲೆಯಲ್ಲೊಂದು ಮೇಜು ಸಾಕೆಂದ ಅವರು, ಅಚ್ಚರಿಗೊಂಡ ನಮ್ಮ ಮುಖಗಳನ್ನು ನೋಡಿ ಹೇಳಿದರು: "ಕಿಡ್ನಿ ಆಯ್ತು. ಹೃದಯ ಇನ್ನೂ ಬಾಕಿ ಇದೆಯಲ್ಲಪ್ಪ."