ಕೊರಕಲಿನಲ್ಲಿ ಅವರೆ ಬೆಳೆದ ಗುರುಮಲ್ಲಮ್ಮ

ಹಂಗಳದ ಆಚೆಯ ಇಳಿಜಾರಿನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಬಂಡೀಪುರದ ಕಡೆಗೆ ಹೋಗುವ ಮೊದಲ ಬಸ್ಸಿನ ಸದ್ದೂ ಇಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದ ಗುರುಮಲ್ಲಮ್ಮ ಆಗಲೇ ಕಲ್ಲಿಗೆ ಕಲ್ಲು ಕುಟ್ಟಿ ಕಿವಿಗೊಟ್ಟು ಕೇಳುತ್ತಿದ್ದಾಳೆ. ಠಣ್ ಎಂದ ಕಲ್ಲು ಒಡ್ಡಿನ ಸಾಲಿಗೆ ಸೇರುತ್ತದೆ. ಡಬ್ ಎಂದದ್ದನ್ನು ಎಸೆದರೆ ಬಿದ್ದಲ್ಲೇ ತರಿತರಿಯಾಗಿ ಉದುರುತ್ತದೆ.

"ಇದು ಒಳಗೇ ಸತ್ತೋಗದ. ಬಿಸ್ಲಲ್ಲಿ ಕಾದು, ಮಳೇಲಿ ನೆನ್ದು ಸಿಪ್ಪ ಸಿಪ್ಪ ಎದ್ದದ. ಮುಂದ ಮಣ್ಣಾಯ್ತದ ಬುಡಿ, ಅದ್ಕೂ ಕೆಲ್ಸ ಅದ" ಎಂದು ನಗುತ್ತಾಳೆ.

ಒಡ್ಡು ಏಳುತ್ತಿರುವುದು ಸಿದ್ದಮಲ್ಲಪ್ಪನ ಹೊಲದಲ್ಲಿ. ಇದು ಮುಗಿದರೆ ಅವನ ಮಣ್ಣು ಅವನ ಹೊಲದಲ್ಲೇ ನಿಲ್ಲುತ್ತದೆ. ಕೆಳಗಿರುವ ಗುರುಮಲ್ಲಮ್ಮನ ಜಮೀನಿಗೆ ಇನ್ನು ಮಣ್ಣು ಬರುವುದಿಲ್ಲ. ಅಲ್ಲಿ ಬದುಕು ನಡೆದಿರುವುದೇ ಮೇಲಿನಿಂದ ಹರಿದುಬಂದ ಮಣ್ಣಿನಲ್ಲಿ!

ಆ ಕಥೆ ಹಿಂದಿನದು. ಅತ್ತೆ ಮನೆಯಿಂದ ಬಂದ ಅರ್ಧ ಎಕರೆಯನ್ನು ಮಳೆನೀರು ವರ್ಷವರ್ಷವೂ ಕೊರೆಯುತ್ತ ಬಂತು. ಮೊದಲು ಕಾಲು ಹೂಳುವಷ್ಟು ಸೀಳು, ಆಮೇಲೆ ಎತ್ತು ಬಿದ್ದರೂ ಕಾಣದಷ್ಟು ಕೊರಕಲು. ಗಂಡ ಪುಟ್ಟಮಲ್ಲಪ್ಪ ಆಸೆ ಬಿಟ್ಟು ಗುಂಡ್ಲುಪೇಟೆಯಲ್ಲಿ ಬಾಡಿಗೆ ಗಾಡಿ ಹೊಡೆಯತೊಡಗಿದ. ಗುರುಮಲ್ಲಮ್ಮ ಮಾತ್ರ ಕೊರಕಲಿಗಿಳಿದು ಅಡ್ಡಡ್ಡಲಾಗಿ ಮೊಣಕಾಲೆತ್ತರದ ಕಲ್ಲುಗೋಡೆ ಪೇರಿಸಿದಳು. ಹಳ್ಳಕ್ಕೆ ಮನೆ ಕಟ್ಟುತ್ತಾಳೆ ಎಂದು ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗೋಡೆಗೆ ಆಕೆ ಮಣ್ಣು ಮೆತ್ತುವುದಿಲ್ಲ. "ನೀರ ಕಟ್ಟಾಕುದ್ರ ಸಿಟ್ಟಾಯ್ತದ. ಅದ್ಕ ದಾರಿ ಬುಡ್ಬೇಕು, ಮಣ್ಣ ಮಾತ್ರ ಕೂರುಸ್ಕಬೇಕು" ಎನ್ನುತ್ತಾಳೆ. ಮಣ್ಣು ಕೂತೇ ಕೂತಿತು. ಕನ್ನಡ ನಾಡು ಒಂದಾಗಿ ಹೊಸ ರಾಜ್ಯವಾದ ವರ್ಷ ಕೊರಕಲಿನೊಳಗೆ ಮೆಟ್ಟಿಲು ಮೆಟ್ಟಿಲಾಗಿ ಅವರೆ ಹೂ ಬಿಟ್ಟಿತು. ಆಗ ಊರಿನ ನಗು ನಿಂತು, ಸಿದ್ದಮಲ್ಲಪ್ಪನ ಕಣ್ಣು ಕೆಂಪಾಯಿತು.

"ಇದೆಲ್ಲ ನನ್ನ ಹೊಲದ ಮಣ್ಣು ಕಣಮ್ಮ" ಎಂದು ಗಾಡಿ ಕಟ್ಟಿಕೊಂಡೇ ಬಂದ.

"ನಿಂದೇ ಕಣಣ್ಣ, ತಕ್ಕಂಡೋಗು" ಎಂದಳು ಈಕೆ.

ಬೇಸಿಗೆಯಿಡೀ ಸಿದ್ದಮಲ್ಲಪ್ಪ ಮಣ್ಣು ತುಂಬಿ ತುಂಬಿ ಮೇಲೆ ಹೊಡೆದ. ಎತ್ತುಗಳು ಬಡವಾದವು, ಅವನ ಸೊಂಟವೂ ಹೋಯಿತು. ಭರಣಿ ಮಳೆ ಒಂದೇ ಸಂಜೆ ಬಿದ್ದದ್ದು, ಅಷ್ಟೂ ಮಣ್ಣು ಇಳಿದು ಬಂದು ಗುರುಮಲ್ಲಮ್ಮನ ಗೋಡೆಗಳ ಹಿಂದೆ ಸುಮ್ಮನೆ ಕೂತುಬಿಟ್ಟಿತು. ಅದನ್ನು ನೋಡಿ ಸಿದ್ದಮಲ್ಲಪ್ಪನಿಗೇ ನಗು ತಡೆಯಲಾಗಲಿಲ್ಲ. ಆದರೆ ಈ ಬೇಸಿಗೆಯಲ್ಲಿ ಅವನು ನಗುತ್ತ ಬರಲಿಲ್ಲ. ಮಣ್ಣೆಲ್ಲ ತೊಳೆದುಹೋಗಿ ಹೊಲದ ನೆತ್ತಿಯಲ್ಲಿ ಬಂಡೆ ಹಲ್ಲು ಕಿರಿದಿತ್ತು. "ನಂಗೂ ಒಂದ್ ಸಾಲು ಕಟ್ಟುಕೊಡವ್ವ" ಎಂದ.

ಪುಟ್ಟಮಲ್ಲಪ್ಪ ಹೆಂಡತಿಯ ಮೇಲೆ ಹರಿಹಾಯ್ದ. "ತಲ ಕೆಟ್ಟದಾ ನಿಂಗ? ನಮ್ಮವೇ ಕೆಳಗಿನ ಗುಂಡಿ ಇನ್ನೂ ತುಂಬಿಲ್ಲ. ನಮ್ಮ ಅನ್ನಕ್ಕ ನಾವೇ ಕಲ್ಲಾಕೊಳದಾ?"

ಗುರುಮಲ್ಲಮ್ಮ ಅವತ್ತು ಊಟ ಬಿಟ್ಟು ಯೋಚಿಸಿದಳು. ಗಂಡನ ಮಾತು ಸುಳ್ಳಲ್ಲ, ಆಕೆಗೂ ಆ ಮಣ್ಣಿನ ಆಸೆಯಿತ್ತು. "ಹೊಲ ಕಣ್ಮುಂದೇನೇ ಓಗದ ನೋಡ್ದವ್ಳು ನಾನು. ಆ ಸಂಕಟ ಇನ್ನೊಬ್ರಿಗ ಬರ್ಲಿ ಅಂತ ಹೆಂಗ್ ಕಾಯ್ಕಂಡ್ ಕೂತ್ಕಳನ?" ಎಂದು ಇನ್ನೊಂದು ಕಲ್ಲನ್ನು ಕೈಗೆತ್ತಿಕೊಳ್ಳುತ್ತಾಳೆ. ಮರುಗಳಿಗೆ ಕಲ್ಲು ಕುಟ್ಟುತ್ತಾಳೆ. ಠಣ್.

ಮಧ್ಯಾಹ್ನಕ್ಕೆ ಒಡ್ಡಿನ ಕೊನೆಯ ಕಲ್ಲೂ ಕೂರುತ್ತದೆ. ಸಂಜೆಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಕವಿದು ಮಳೆ ಬಡಿಯುತ್ತದೆ. ನಿಂತ ಕೂಡಲೇ ಗಂಡ ಹೆಂಡತಿ ತಮ್ಮ ಕೊರಕಲಿಗೆ ಓಡುತ್ತಾರೆ. ಪ್ರತಿ ವರ್ಷ ರಾಗಿ ಅಂಬಲಿಯಂತೆ ಮಂದವಾಗಿ ಇಳಿಯುತ್ತಿದ್ದ ನೀರು ಇಂದು ಗೋಡೆಯ ಸಂದುಗಳಿಂದ ತೆಳ್ಳಗೆ ಸುರಿಯುತ್ತಿದೆ.

"ಏನೂ ಬರ್ನೇ ಇಲ್ವಲ್ಲಮ್ಮಿ" ಎಂದು ಪುಟ್ಟಮಲ್ಲಪ್ಪ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ.

ಗುರುಮಲ್ಲಮ್ಮ ಬೊಗಸೆ ತುಂಬ ನೀರು ಹಿಡಿದು ಅವನ ಮುಂದೆ ಚಾಚುತ್ತಾಳೆ. ಅಂಗೈಯ ಗೆರೆಗಳು ಕಾಣುತ್ತಿವೆ.

"ನೋಡಿ, ಮೇಲ ನನ್ ಒಡ್ಡು ನಿಂತದ!"