ಇನ್ನೂ ಸ್ವಲ್ಪ ಹಿಂದೆ

ದೇವಸ್ಥಾನದ ಫೋಟೋ ತೆಗೆಯುವಾಗ ಕಲಶ ಕತ್ತರಿಸಿಹೋಗಬಾರದು ಎಂಬುದು ನನ್ನ ಬಹುಕಾಲದ ವ್ರತ. ಶಿಖರ ತುಂಡಾದ ಚಿತ್ರ ಮನೆಯಲ್ಲಿರಬಾರದು ಎಂದು ನನ್ನಮ್ಮ ಹೇಳುತ್ತಿದ್ದಳು. ಶಾಸ್ತ್ರದಲ್ಲಿ ಕ್ಯಾಮೆರಾದ ಮಾತು ಎಲ್ಲಿದೆ ಎಂದು ನಾನು ಕೇಳಲಿಲ್ಲ. ಏಕಾದಶಿಯನ್ನು ಎಷ್ಟೋ ಸಲ ಮುರಿದಿದ್ದೇನೆ, ಇದನ್ನು ಮುರಿದಿರಲಿಲ್ಲ.

ವ್ರತ ನನ್ನದು, ಉಪವಾಸ ಎದುರಿಗೆ ನಿಂತವರದು. ಪಾದದಿಂದ ಕಲಶದವರೆಗೆ ಎಲ್ಲ ಬರಬೇಕೆಂದರೆ ನಾನು ಬಹಳ ದೂರ ಹೋಗಬೇಕು. ಮನುಷ್ಯರು ಕ್ಯಾಮೆರಾದ ಹತ್ತಿರ ನಿಂತರೆ ಮೆಟ್ಟಿಲು ಮುಚ್ಚಿಹೋಗುತ್ತದೆ, ಆದ್ದರಿಂದ ಅವರನ್ನು ಗುಡಿಯ ಬುಡಕ್ಕೆ ಕಳಿಸಬೇಕು. ನಾನು ನಿವೃತ್ತನಾದ ವರ್ಷ, ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದು ನಾವಿಬ್ಬರೂ ಕಾಂಬೋಡಿಯಾಕ್ಕೆ ಹೋದಾಗ ಹಾಗೆ ಹೋಗಿ ನಿಂತವಳು ನನ್ನ ಹೆಂಡತಿ ವಾರಿಜ.

"ಇನ್ನೂ ಸ್ವಲ್ಪ ಹಿಂದೆ ಹೋಗು" ಎಂದು ಕೂಗುತ್ತಿದ್ದೆ.

"ನಾನೇನು ನಿಮ್ಮ ಅಳತೆಕೋಲಾ? ದೇವಸ್ಥಾನ ಎಷ್ಟೆತ್ತರ ಅಂತ ತೋರಿಸೋಕೆ?"

ನಾನು ಪುಸ್ತಕ ಓದಿಕೊಂಡು ಹೋಗಿದ್ದೆ. ಅಲ್ಲಿನ ದೊಡ್ಡ ಗುಡಿಯ ಐದು ಗೋಪುರಗಳೆಂದರೆ ಮೇರುವಿನ ಐದು ಶಿಖರ, ಸುತ್ತಲಿನ ಕಂದಕವೇ ಸಮುದ್ರ. ಮೇರುವಿನ ಮುಂದೆ ಮನುಷ್ಯ ಸಣ್ಣವನಾಗಿಯೇ ಕಾಣಬೇಕು ಎಂದು ಉಪನ್ಯಾಸ ಮಾಡಿದೆ.

"ಸರಿ ಮಾರಾಯ್ರೆ, ಇನ್ನು ಮೇರುವಿನ ಜೊತೆಗೇ ಸಂಸಾರ ಮಾಡಿ" ಎಂದು ಅವಳು ಹಿಂದೆ ಹೋದಳು.

ಅಲ್ಲಿಂದ ಬ್ಯಾಂಕಾಕಿಗೆ ಬಂದಾಗ ಗಾಜಿನ ಕಟ್ಟಡಗಳಿಗೂ ಇದೇ ನಿಯಮ ಅನ್ವಯಿಸಿದೆ. ಕಲಶವಿಲ್ಲದ ಕಡೆ ಆಂಟೆನಾ ಇತ್ತು.

ಹೋದ ಚಳಿಗಾಲದ ಒಂದು ಬೆಳಿಗ್ಗೆ, ದಿಲ್ಲಿಯಲ್ಲಿ ಕಾವಳ ದಟ್ಟವಾಗಿತ್ತು. ಬೂತಿನಿಂದ ಹಾಲು ತಂದ ವಾರಿಜ ನಮ್ಮ ಫ್ಲ್ಯಾಟಿನ ಮೆಟ್ಟಿಲ ಮೇಲೆ ಕುಳಿತಳು. ಎದೆ ಹಿಡಿದಂತಾಗಿದೆ ಎಂದಳು. ಹಾಲಿನ ಕ್ಯಾನು ಉರುಳದಂತೆ ಗೋಡೆಗೆ ಒರಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವಳಿರಲಿಲ್ಲ.

ಹದಿಮೂರನೆಯ ದಿನಕ್ಕೆ ಒಂದು ಫೋಟೋ ಬೇಕಾಗಿತ್ತು. ಮದುವೆಯ ಆಲ್ಬಮ್ಮಿನಲ್ಲಿದ್ದವಳು ಇಪ್ಪತ್ತರ ಹುಡುಗಿ. ಪಾಸ್‌ಪೋರ್ಟಿನಲ್ಲಿದ್ದವಳು ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳಿ. ಹಾಗೆಂದು ಅವಳೇ ನಗುತ್ತಿದ್ದಳು. ಇರಲಿ, ಪ್ರವಾಸದ ಚಿತ್ರಗಳೇ ಮುನ್ನೂರಿವೆಯಲ್ಲ ಎಂದು ಮಗಳು ಶುಭಾ ಕಂಪ್ಯೂಟರ್ ಮುಂದೆ ಕುಳಿತಳು. ದಿಲ್ಲಿಯಲ್ಲೇ ಬೆಳೆದ ಹುಡುಗಿ, ದುಃಖ ಬಂದರೆ ಹಿಂದಿಗೆ ಹೊರಳುತ್ತಾಳೆ.

"ಅಪ್ಪಾ, ಇಸ್‌ಮೇ ಅಮ್ಮ ಕಹಾಂ ಹೈ? ಬರೀ ಟೆಂಪಲ್ ಇದೆ."

"ಅಗೋ, ಮೂರನೇ ಮೆಟ್ಟಿಲ ಮೇಲೆ. ಹಸಿರು ಸೀರೆ."

ಶುಭಾ ಬಗ್ಗಿ ನೋಡಿದಳು. ಮುಂದಿನ ಚಿತ್ರಕ್ಕೂ ಅಮ್ಮ ಎಲ್ಲಿ ಎಂದೇ ಕೇಳಿದಳು, ಅದರ ಮುಂದಿನದಕ್ಕೂ. ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಮುನ್ನೂರು ಚಿತ್ರಗಳಲ್ಲಿ ಒಂದು ಕಲಶವೂ ತುಂಡಾಗಿರಲಿಲ್ಲ.

ಇದ್ದುದರಲ್ಲಿ ದೊಡ್ಡದಾಗಿ, ಅಂದರೆ ಹೆಸರುಕಾಳಿನಷ್ಟು ಮುಖ ಕಾಣುವ ಒಂದನ್ನು ಸಿ.ಡಿ.ಗೆ ಹಾಕಿಸಿ ಲಕ್ಷ್ಮೀ ನಗರದ ಸ್ಟುಡಿಯೋಕ್ಕೆ ಒಯ್ದೆ. ಕೋಚಿಂಗ್ ವಿದ್ಯಾರ್ಥಿಗಳ ಅರ್ಜಿಯ ಫೋಟೋ ತೆಗೆಯುವ ಅಂಗಡಿ. ಗೋಡೆಯ ತುಂಬ ಮುಖಗಳು, ಮುಖವಲ್ಲದೆ ಬೇರೇನೂ ಇಲ್ಲ. ಅಂಗಡಿಯಾತ ಚಿತ್ರವನ್ನು ಹಿಗ್ಗಿಸುತ್ತ ಹೋದ. ಒಂದು ಕಡೆ ನಿಲ್ಲಿಸಿ ಕೇಳಿದ, "ಅಂಕಲ್‌ಜೀ, ಮಂದಿರ್ ಕಾಟ್ ದೂಂ?"

ಗುಡಿ ಕತ್ತರಿಸಲೇ ಎಂದು ಕೇಳುತ್ತಿದ್ದ. ಕೈ ಮೌಸಿನ ಮೇಲೆ ಕಾಯುತ್ತಿತ್ತು.

"ಕಾಟ್ ದೋ, ಭಯ್ಯಾ" ಎಂದೆ.

ಐದು ಶಿಖರಗಳೂ ಒಮ್ಮೆಲೇ ಹೋದವು. ಚಿತ್ರವನ್ನು ಕವರಿಗೆ ಹಾಕುತ್ತ ಆತ, ಸ್ವಲ್ಪ ದೂರದಿಂದ ನೋಡಿ, ಆಗ ಸರಿ ಕಾಣುತ್ತದೆ ಎಂದ.

ಅದು ಈಗ ಮಯೂರ್ ವಿಹಾರದ ನಮ್ಮ ಮನೆಯ ಹಜಾರದಲ್ಲಿದೆ. ಹತ್ತಿರ ಹೋದರೆ ಮುಖವಿಲ್ಲ, ಕಂದು ಬೂದು ಚೌಕಗಳು ಮಾತ್ರ. ಒಂದೊಂದೇ ಹೆಜ್ಜೆ ಹಿಂದೆ ಬರುತ್ತೇನೆ. ಮೊದಲು ಕುಂಕುಮ, ಆಮೇಲೆ ಮೂಗು. ಬೆನ್ನಿಗೆ ಫ್ರಿಜ್ ತಗುಲುವ ಹೊತ್ತಿಗೆ ವಾರಿಜ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಇಷ್ಟು ಹಿಂದೆ ಸಾಕೇ ಎಂದು ಕೇಳುವಂತೆ.

ಹಜಾರ ಅಲ್ಲಿಗೆ ಮುಗಿಯುತ್ತದೆ. ಫ್ರಿಜ್ಜನ್ನು ಅಡುಗೆಮನೆಯೊಳಕ್ಕೆ ಸರಿಸೋಣ ಎಂದು ಶುಭಾಗೆ ಹೇಳಿದ್ದೇನೆ. ಇನ್ನೂ ಎರಡಡಿ ಸಿಗುತ್ತದೆ.