ಕಾಲು ಮುಂದಾಗಿ

ಮಗಳನ್ನು ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ತಂದ ಮರುದಿನ ಬೆಳಿಗ್ಗೆ ಹೊದಿಕೆ ಸರಿಸಿ ನೋಡಿದರೆ ಅವಳ ಎಡಗಾಲಿನ ಬೆರಳುಗಳು ನೀಲಿಯಾಗಿದ್ದವು. ಎಪ್ಪತ್ತರ ದಶಕದ ಕೊನೆಯ ಮಾತಿದು. ಅವಳಿಗಾಗ ಏಳು ವರ್ಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಮೈಯೆಲ್ಲ ಬಿಗಿಯುವ ಮಗು. ತೊಡೆಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಏರುತ್ತಿದ್ದವು, ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ. ಅದಕ್ಕಾಗಿ ಸೊಂಟದ ಹತ್ತಿರ ಆಪರೇಷನ್ ಮಾಡಿ, ಕಾಲುಗಳನ್ನು ಅಗಲಿಸಿ, ಸೊಂಟದಿಂದ ಬೆರಳ ಬುಡದ ತನಕ ಪ್ಲಾಸ್ಟರ್ ಹಾಕಿ, ನಡುವೆ ಒಂದು ಅಡ್ಡಕೋಲು ಕೂರಿಸಿ ಕಳಿಸಿದ್ದರು.

ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಎಚ್ಚರಿಕೆ. ಬೆರಳು ತಣ್ಣಗಾದರೆ, ಬಣ್ಣ ಬದಲಾದರೆ ಒಂದು ಗಳಿಗೆಯೂ ತಡ ಮಾಡಬಾರದು. ಒಳಗೆ ಬಾವು ಬಂದರೆ ಪ್ಲಾಸ್ಟರ್ ಹಿಗ್ಗುವುದಿಲ್ಲ, ಕಾಲೇ ಹೋಗಬಹುದು. ನಾನು ಮುಟ್ಟಿ ನೋಡಿದೆ. ತಣ್ಣಗೆ ಕೊರೆಯುತ್ತಿತ್ತು. ಗಂಡ ಮಸ್ಕತ್‌ನಲ್ಲಿದ್ದರು. ಮೈದುನ ಅಜೆಕಾರು ಪೇಟೆಗೆ ಸೈಕಲ್ ತುಳಿದು ಒಂದು ಅಂಬಾಸಿಡರ್ ಕಾರು ಮಾಡಿಕೊಂಡು ಬಂದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು.

ತೊಂದರೆ ಶುರುವಾದದ್ದು ಮನೆಯೊಳಗೆ. ಅವಳು ಮಲಗಿದ್ದ ಕೋಣೆಯ ಅರ್ಧ ಜಾಗ ಭತ್ತದ ಪತ್ತಾಯದ್ದು, ಆನೆ ಬಂದರೂ ಅಲುಗದ ಮರದ ಪೆಟ್ಟಿಗೆ. ಕೋಣೆಯಿಂದ ಹೊರಬಾಗಿಲಿಗೆ ಇಕ್ಕಟ್ಟಾದ ನಡುದಾರಿ. ಹಿಂದಿನ ದಿನ ಅವಳನ್ನು ತಲೆ ಮುಂದಾಗಿ, ಒಂದು ಬದಿಗೆ ವಾಲಿಸಿ ಒಳಗೆ ತಂದಿದ್ದೆವು. ಆ ಅಗಲಿಸಿದ ಕಾಲುಗಳನ್ನು ತಿರುಗಿಸಲು ಎಲ್ಲಿಯೂ ಜಾಗವಿರಲಿಲ್ಲ. ಬಂದ ಹಾಗೆಯೇ ಹಿಂದಕ್ಕೆ ಹೋಗಬೇಕು, ಅಂದರೆ ಕಾಲು ಮುಂದಾಗಿ.

ನಾನು, ಮೈದುನ, ಕಾರಿನ ಡ್ರೈವರ್ ಮೂವರೂ ಎತ್ತಿಕೊಂಡು ಹೊಸ್ತಿಲ ತನಕ ಬಂದೆವು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಹೀಗೆ ಕೊಂಡುಹೋಗುವುದು ಬೇಡ."

ನಮ್ಮಲ್ಲಿ ಕಾಲು ಮುಂದಾಗಿ ಮನೆ ಬಿಡುವುದು ಹೆಣ ಮಾತ್ರ. ಹಿಂದಿನ ಮಳೆಗಾಲದಲ್ಲಿ ಮಾವನವರು ಅದೇ ಕೋಣೆಯಿಂದ, ಅದೇ ಬಾಗಿಲಿನಿಂದ ಹಾಗೆ ಹೋಗಿದ್ದರು.

"ಅತ್ತೆ, ಬೆರಳು ಕಪ್ಪಾಗುತ್ತಾ ಉಂಟು. ದಾರಿ ಬಿಡಿ."

"ತಿರುಗಿಸು ಮಾರಾಯ," ಎಂದು ಅವರು ಮಗನಿಗೆ ಹೇಳಿದರು, ನನ್ನ ಮುಖ ನೋಡಲಿಲ್ಲ.

"ಆಗುವುದಿಲ್ಲ ಅಮ್ಮ. ಎಂತ ಮಾಡಿದರೂ ಆಗುವುದಿಲ್ಲ."

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಸಿಟ್ಟು ನೆತ್ತಿಗೇರಿತು. ಈ ಮನೆಯ ಬಾಗಿಲು ದೊಡ್ಡದೋ ನನ್ನ ಮಗಳ ಕಾಲು ದೊಡ್ಡದೋ ಎಂದು ಕೇಳಿದೆ. ಹಾರೆ ತರಲಿ, ಬಾಗಿಲಿನ ದಾರಂದವನ್ನೇ ಕಿತ್ತು ಹಾಕುತ್ತೇನೆ ಎಂದೆ. ಕಲ್ಲಿನ ಗೋಡೆಯಿಂದ ಆ ಮರದ ಚೌಕಟ್ಟು ಕೀಳಲು ಅರ್ಧ ದಿನ ಬೇಕೆಂದು ನನಗೂ ಗೊತ್ತಿತ್ತು. ಡ್ರೈವರನ ತೋಳು ಸೋತು ನಡುಗುತ್ತಿತ್ತು. ಅತ್ತೆಯನ್ನು ತಳ್ಳಿಕೊಂಡು ಹೋಗಬೇಕೆಂದು ನಾನು ನಿಜವಾಗಿಯೂ ಯೋಚಿಸಿದೆ.

ಅಷ್ಟರಲ್ಲಿ ಅವರು ಬಾಗಿಲು ಬಿಡದೆ, ಅಡ್ಡಕೋಲಿನ ಮೇಲಿಂದ ಬಾಗಿ ಮಗುವಿನ ಮುಖದ ಹತ್ತಿರ ಬಂದರು.

"ಮಗಾ, 'ಹೋಗಿ ಬರ್ತೇನೆ' ಹೇಳು. ಹೇಳಿ ಹೋಗು."

ಮನೆ ಬಿಡುವವರೆಲ್ಲ ಹೇಳುವ ಮಾತು. ಹೆಣ ಮಾತ್ರ ಹೇಳುವುದಿಲ್ಲ. ಆದರೆ ನನ್ನ ಮಗಳಿಗೆ ಮಾತು ಸಲೀಸಾಗಿ ಬರುತ್ತಿರಲಿಲ್ಲ. ಹೇಳು ಎಂದರೆ ಸಾಕು, ಕುತ್ತಿಗೆ ಬಿಗಿದು, ಬಾಯಿ ತೆರೆದು, ದನಿ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಈಗಲೂ ಹಾಗೆಯೇ ಆಯಿತು. ಮೈ ಸೆಟೆದು ನಮ್ಮ ಕೈಯಿಂದ ಜಾರುವಂತಾದಳು.

"ಹೋಗಿ ಬರ್ತಾಳೆ ಅತ್ತೆ. ಆಯಿತಲ್ಲ, ಬಿಡಿ," ಎಂದೆ. ಅವಳ ಮಾತನ್ನೆಲ್ಲ ಆಡುತ್ತಿದ್ದವಳು ನಾನೇ.

"ನೀನು ಹೇಳಿದರೆ ಆಗುವುದಿಲ್ಲ. ಅವಳೇ ಹೇಳಬೇಕು."

ಅತ್ತೆಗೆ ಅವಳ ಮಾತು ಕೇಳುವ ತಾಳ್ಮೆ ಎಂದೂ ಇರಲಿಲ್ಲ. ನೆಂಟರು ಬಂದಾಗ ಅವಳು ಬಾಯಿ ತೆರೆದರೆ ಒಳಗೆ ಕರೆದುಕೊಂಡು ಹೋಗು ಎನ್ನುತ್ತಿದ್ದರು. ಈಗ ಅದೇ ಹೆಂಗಸು ಮಗುವಿನ ಕೆನ್ನೆಗೆ ಅಂಗೈ ಇಟ್ಟು, "ನಿಧಾನ ಹೇಳು. ಅಜ್ಜಿ ಇಲ್ಲೇ ಇದ್ದೇನೆ," ಎನ್ನುತ್ತಿದ್ದರು. ನನ್ನ ಕಣ್ಣು ಮಾತ್ರ ಆ ಬೆರಳುಗಳ ಮೇಲೇ ಇತ್ತು. ನಿಧಾನ ಎಂಬ ಪದ ಕೇಳಿದರೆ ಮೈ ಉರಿಯುತ್ತಿತ್ತು.

"ಹೋ" ಎಂದಳು. ದನಿ ನಿಂತಿತು. ಉಸಿರು ಎಳೆದಳು. "ಹೋ...ಯಿ..." ಜೊಲ್ಲು ಇಳಿಯಿತು, ಅತ್ತೆ ಸೆರಗಿನಿಂದ ಒರೆಸಿದರು. ಕೊನೆಗೆ, ಗಂಟಲು ಹರಿಯುವ ಹಾಗೆ, ಮೂರು ಮನೆಗೆ ಕೇಳುವಷ್ಟು ಜೋರಾಗಿ, "ಬತ್ತೇನೆ" ಬಂತು.

"ಬಾ ಮಗಾ," ಎಂದು ಅತ್ತೆ ಪಕ್ಕಕ್ಕೆ ಸರಿದರು. ಚಪ್ಪಲಿಯೂ ಹಾಕದೆ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ಆ ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಏನಾದರೂ ಆದರೆ ಇವರನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಮಣಿಪಾಲದಲ್ಲಿ ಡಾಕ್ಟರು ಬೆರಳು ನೋಡಿದವರೇ ಗರಗಸ ತರಿಸಿದರು. ಪ್ಲಾಸ್ಟರನ್ನು ಉದ್ದಕ್ಕೆ ಸೀಳಿ, ಒಳಗಿನ ಹತ್ತಿಯನ್ನೂ ಕತ್ತರಿಸಿ ಬಿಡಿಸಿದರು. ಆಮೇಲೆ ಕಾಯುವುದು. ನೀಲಿ ಬೇಗ ಹೋಗಲಿಲ್ಲ. ನಾನು ಮಗಳ ತಲೆಯ ಹತ್ತಿರ ನಿಂತಿದ್ದೆ, ಅತ್ತೆ ಕಾಲಿನ ಹತ್ತಿರ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಬಿಳಿಯಾಯಿತು. ಮತ್ತೆ ಮೆಲ್ಲನೆ, ಬುಡದಿಂದ ಕೆಂಪು ಏರಿತು.

"ರಕ್ತ ಬರುತ್ತಾ ಉಂಟು," ಎಂದರು. "ಕಾಲು ಉಳಿಯಿತು."

ಅತ್ತೆ, ಡಾಕ್ಟರನ್ನು ನಂಬದವರ ಹಾಗೆ, "ಇನ್ನೊಮ್ಮೆ ಒತ್ತಿ," ಎಂದರು. ಅವರು ಒತ್ತಿದರು. ಮತ್ತೆ ಕೆಂಪಾದದ್ದನ್ನು ನೋಡಿ ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕೂತು, ನನ್ನ ಸೀರೆಯ ನೆರಿಗೆಯನ್ನು ಹಿಡಿದುಕೊಂಡು ಅತ್ತರು. ನಾನು ಬಿಡಿಸಿಕೊಳ್ಳಲಿಲ್ಲ.